ತಂಗಿಯ ಮೊಮ್ಮಗಳ ದ್ವೀಪಯಾತ್ರೆ

ಲಕ್ಷ್ಮಣತೀರ್ಥದ ದಡದ ಕಟ್ಟೆಮಳಲವಾಡಿ ನಾನು ಹುಟ್ಟಿ ಬೆಳೆದ ಊರು. ಎಳೆಯ ವಯಸ್ಸಿನಲ್ಲಿಯೇ ಮಠದ ಪಾಠಶಾಲೆಗೆ ಸೇರಿ, ಗುರುಗಳ ಸನ್ನಿಧಿಯಲ್ಲಿ ಸಂಸ್ಕೃತವನ್ನೂ ವಚನ ವಾಙ್ಮಯವನ್ನೂ ಅಭ್ಯಾಸ ಮಾಡಿ, ಮುಂದೆ ಅದನ್ನೇ ಬೋಧಿಸುತ್ತ ಜೀವನ ಸಾಗಿಸಿದವನು ನಾನು. ಈಗ ನನಗೆ ಅರವತ್ತೇಳು ವರ್ಷ. ಇಷ್ಟು ಕಾಲ ಈ ಪತ್ರಿಕೆಯ ಓದುಗ ಬಂಧುಗಳಿಗೆ ಶರಣರ ವಿಚಾರವಾಗಿ ಬರೆಯುತ್ತಿದ್ದವನು ಈ ಸಲ ನಮ್ಮ ಮನೆಯ ಒಂದು ವಿಚಾರವನ್ನು ಬರೆಯಬೇಕೆಂದಿದ್ದೇನೆ. ಹೆಣ್ಣುಮಕ್ಕಳನ್ನು ನರ್ಸಿಂಗ್ ಓದಿಸುತ್ತಿರುವ ಅನೇಕ ಕುಟುಂಬಗಳಿಗೆ ಇದು ಉಪಯೋಗವಾದೀತೆಂಬ ನಂಬಿಕೆ ನನ್ನದು. ಜೊತೆಗೆ, ನಲವತ್ತೈದು ವರ್ಷಗಳಿಗೂ ಹಿಂದೆ ನಾನು ಮಾಡಿದ ಒಂದು ತಪ್ಪನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವ ಅಗತ್ಯವೂ ಇದೆ.

2023ರ ದೀಪಾವಳಿಗೆ ನಾನು ಊರಿಗೆ ಹೋಗಿದ್ದೆ. ನಮ್ಮೂರಿನ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯಲ್ಲಿ ಆಗ ವ್ಯಾಪಾರ ನಡೆಯುತ್ತಿತ್ತು. ಹುಣಸೂರು, ಪಿರಿಯಾಪಟ್ಟಣದ ಕಡೆಯ ಮನೆಗಳಲ್ಲಿ ವರ್ಷದ ಹಣ ಕೈಗೆ ಬರುವ ಕಾಲವದು. ಮದುವೆ, ಮನೆ, ಸಾಲ, ಮಕ್ಕಳ ಓದು ಎಲ್ಲವೂ ಈ ಬೇಲುಗಳ ಬೆಲೆಯ ಮೇಲೆ ನಿಂತಿರುತ್ತವೆ. ನನ್ನ ತಂಗಿಯ ಮನೆಗೆ ಊಟಕ್ಕೆ ಹೋದಾಗ ಅವಳ ಮೊಮ್ಮಗಳು ಮೊಬೈಲ್ ಹಿಡಿದು ನನ್ನ ಬಳಿ ಬಂದು ಕುಳಿತಳು. ಬಿ.ಎಸ್ಸಿ. ನರ್ಸಿಂಗ್ ಪದವಿಯನ್ನು 2022ರಲ್ಲಿ ಮುಗಿಸಿ, ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದ ಹುಡುಗಿ. ಚಿಕ್ಕಂದಿನಲ್ಲಿ ಬ್ಯಾರನ್ನಿನ ಮುಂದೆ ಕುಳಿತು ಕಡ್ಡಿಗೆ ಹೊಗೆಸೊಪ್ಪು ಕಟ್ಟುತ್ತಿದ್ದ ಅದೇ ಕೈಗಳಿಂದ ಈಗ ಎದೆರೋಗದವರಿಗೆ ಆಮ್ಲಜನಕದ ನಳಿಗೆ ಜೋಡಿಸುತ್ತಾಳೆ. ಈ ಎರಡು ಕೆಲಸಗಳ ಸಂಬಂಧವೇನೆಂದು ಅವಳು ಯೋಚಿಸಿದ್ದಾಳೆ, ನಾನೂ ಯೋಚಿಸಿದ್ದೇನೆ. ಆದರೆ ಅದು ಬೇರೆಯೇ ಒಂದು ಲೇಖನದ ವಿಷಯ.

"ತಾತ, ಇಲ್ಲಿ ನೋಡಿ" ಎಂದು ಅವಳು ಒಂದು ಚಿತ್ರ ತೋರಿಸಿದಳು. ಹಸಿರು ನೀಲಿ ಕಡಲು, ಬಿಳಿಯ ಮರಳು, ನೀರಿನ ಮೇಲೆಯೇ ಕಟ್ಟಿದ ಕುಟೀರಗಳು. ಮಾಲ್ಡೀವ್ಸ್ ದ್ವೀಪಗಳು. ನವದಂಪತಿಗಳು ವಿಹಾರಕ್ಕೆ ಹೋಗುವ ಸ್ಥಳವೆಂದು ಮಾತ್ರ ನಾನು ಕೇಳಿದ್ದೆ. ಅಲ್ಲಿಯ ಒಂದು ರೆಸಾರ್ಟಿನ ಚಿಕಿತ್ಸಾಲಯದಲ್ಲಿ ನರ್ಸ್ ಕೆಲಸ, ತಿಂಗಳಿಗೆ ಒಂಬೈನೂರು ಡಾಲರ್ ಸಂಬಳ, ಊಟ ವಸತಿ ಉಚಿತ ಎಂದು ಒಬ್ಬ ಮಧ್ಯವರ್ತಿ ಹೇಳಿದ್ದನಂತೆ. ಅವನಿಗೆ ಕೊಡಬೇಕಾದ ಹಣ ಒಟ್ಟು 1,75,000 ರೂಪಾಯಿ. ಹುಡುಗಿಯ ತಂದೆ ಆ ವರ್ಷದ ಮೊದಲ ಬೇಲುಗಳ ಹಣದಲ್ಲಿ 25,000 ರೂಪಾಯಿಯನ್ನು ಆಗಲೇ ಕೊಟ್ಟಿದ್ದ.

ಒಲೆಯ ಬಳಿ ನಿಂತಿದ್ದ ತಂಗಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಅಣ್ಣಯ್ಯ, ನೀನು ಓದಿದವನು. ಹೋಗಬಹುದೋ ಬೇಡವೋ ನೀನೇ ಹೇಳು" ಎಂದಳು. ಆ ಮಾತು ನನ್ನನ್ನು 1978ಕ್ಕೆ ಒಯ್ದಿತು.

ಆ ವರ್ಷ ನನಗೆ ಇಪ್ಪತ್ತು, ತಂಗಿಗೆ ಹದಿನೇಳು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ನರ್ಸ್ ತರಬೇತಿಗೆ ಸೇರಬೇಕೆಂದು ಅವಳಿಗೆ ಆಸೆಯಿತ್ತು. ಹುಣಸೂರಿನಿಂದ ಅರ್ಜಿಯನ್ನೂ ತರಿಸಿಕೊಂಡಿದ್ದಳು. ತಂದೆಯವರು ನಿರ್ಧಾರ ಮಾಡಲಾಗದೆ, ರಜೆಗೆ ಮಠದಿಂದ ಬಂದಿದ್ದ ನನ್ನನ್ನು ಹೀಗೆಯೇ ಕೇಳಿದರು. ನಾನು ಬಹಳ ತಿಳಿದವನಂತೆ ಗಂಟಲು ಸರಿಪಡಿಸಿಕೊಂಡು, ಕಂಡವರ ರಕ್ತ, ಮಲಮೂತ್ರ ಮುಟ್ಟುವ ಕೆಲಸ ನಮ್ಮ ಮನೆತನದ ಹೆಣ್ಣಿಗೆ ತಕ್ಕುದಲ್ಲ, ಹೆರಿಗೆಯ ಕೋಣೆಯಿಂದ ಹೆಣದ ಕೋಣೆಗೆ ಓಡಾಡುವವಳು ಲಿಂಗಪೂಜೆಯನ್ನು ಹೇಗೆ ಮಾಡಿಯಾಳು ಎಂದು ಹೇಳಿದೆ. ತಂದೆಯವರು ಅರ್ಜಿಯನ್ನು ಮಡಿಸಿ ಗೂಡಿನಲ್ಲಿಟ್ಟರು. ತಂಗಿ ಒಂದು ಮಾತನ್ನೂ ಆಡಲಿಲ್ಲ. ಮರುವರ್ಷ ಅವಳನ್ನು ನಮ್ಮೂರಿನಲ್ಲಿಯೇ ಸೋದರತ್ತೆಯ ಮನೆಗೆ ಕೊಟ್ಟು ಮದುವೆ ಮಾಡಿದರು.

ಬಂಧುಗಳೇ, ಅಂದು ನಾನು ಆಡಿದ ಮಾತಿನ ಅಜ್ಞಾನವನ್ನು ನೀವು ಆಗಲೇ ಗುರುತಿಸಿರಬಹುದು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳೂ ಲಿಂಗವಂತರಿಗೆ ಇಲ್ಲವೆಂದು ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ಸಾರಿದರು. ಅದನ್ನು ನಾನು ಪರೀಕ್ಷೆಯಲ್ಲಿ ಬರೆದು ಬಹುಮಾನ ಪಡೆದಿದ್ದೆ. ಮನೆಯಲ್ಲಿ ತಂಗಿಯ ಬದುಕಿನ ಪ್ರಶ್ನೆ ಬಂದಾಗ ಮಾತ್ರ ಸೂತಕದ ಮಾತನ್ನೇ ಆಡಿದೆ. ದಾದಿಯ ದಿನಚರಿಯನ್ನು ನೋಡಿ: ಹುಟ್ಟುವ ಮಗುವನ್ನು ಎತ್ತಿಕೊಳ್ಳುವವಳು ಅವಳು, ಸತ್ತವರ ಕಣ್ಣು ಮುಚ್ಚಿಸುವವಳು ಅವಳು, ರಕ್ತ ಒರೆಸುವವಳು, ಎಂಜಲು ಬಳಿಯುವವಳು, ಮಲಗಿದವರ ಜಾತಿಯನ್ನು ಕೇಳದವಳು. ಐದು ಸೂತಕಗಳನ್ನೂ ದಿನನಿತ್ಯ ಗೆಲ್ಲುವ ಕಾಯಕ ಇದ್ದರೆ ಅದು ಇದೇ. ವೈದ್ಯವೃತ್ತಿಯ ಸಂಗಣ್ಣನೂ ವಚನಕಾರರ ಸಾಲಿನಲ್ಲಿದ್ದಾನೆಂಬುದನ್ನು ಪಾಠ ಹೇಳುತ್ತಿದ್ದ ನನಗೆ ಇದು ಹೊಳೆಯಲು ಬಹಳ ವರ್ಷ ಬೇಕಾಯಿತು.

ಆದುದರಿಂದ 2023ರಲ್ಲಿ ತಂಗಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ, ತಿಳಿಯದೆ ಉತ್ತರ ಕೊಡುವುದಿಲ್ಲವೆಂದು ನಿಶ್ಚಯಿಸಿದೆ. "ಒಂದು ತಿಂಗಳು ಕೊಡಿ, ವಿಚಾರಿಸಿ ಹೇಳುತ್ತೇನೆ. ಅಲ್ಲಿಯವರೆಗೆ ಇನ್ನೊಂದು ರೂಪಾಯಿಯನ್ನೂ ಕೊಡಬೇಡಿ" ಎಂದೆ.

ವಿಚಾರಿಸಿದಾಗ ತಿಳಿದುದನ್ನು ಕ್ರಮವಾಗಿ ಹೇಳುತ್ತೇನೆ. ಮಾಲ್ಡೀವ್ಸ್ ಸುಮಾರು 1,190 ಹವಳದ್ವೀಪಗಳ ರಾಷ್ಟ್ರ. ಜನವಸತಿಯಿರುವುದು ಇನ್ನೂರಕ್ಕೂ ಕಡಿಮೆ ದ್ವೀಪಗಳಲ್ಲಿ. ಹವಳದ್ವೀಪಗಳ ಸಮೂಹಕ್ಕೆ ಜಗತ್ತೆಲ್ಲ ಬಳಸುವ 'ಅಟಾಲ್' ಎಂಬ ಪದವೇ ಅಲ್ಲಿಯ ದಿವೇಹಿ ಭಾಷೆಯದು. ನಮ್ಮ ಲಕ್ಷದ್ವೀಪದ ಮಿನಿಕಾಯ್ ಜನರು ಆಡುವುದೂ ಅದೇ ಭಾಷೆಯ ಒಂದು ರೂಪ. ರಾಜಧಾನಿ ಮಾಲೆಯಲ್ಲಿರುವ ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆ ಭಾರತದ ನೆರವಿನಿಂದ ನಿರ್ಮಾಣವಾಗಿ 1995ರಲ್ಲಿ ಆರಂಭವಾಯಿತು. ಚದುರಿದ ದ್ವೀಪಗಳಿಗೆಲ್ಲ ಸಾಕಾಗುವಷ್ಟು ವೈದ್ಯರೂ ದಾದಿಯರೂ ಅಲ್ಲಿಯೇ ಸಿದ್ಧವಾಗುವುದಿಲ್ಲ. ಆದಕಾರಣ ಭಾರತದಿಂದ ಹೋದವರು ಬಹಳ ಕಾಲದಿಂದ ಅಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. ಸಣ್ಣ ದ್ವೀಪದ ಆರೋಗ್ಯ ಕೇಂದ್ರದಲ್ಲಿ ಕೆಲವೇ ಸಿಬ್ಬಂದಿ. ರೋಗಿಯ ಸ್ಥಿತಿ ಕೆಟ್ಟರೆ ದೋಣಿಯಲ್ಲಿಯೇ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಚಿತ್ರದಲ್ಲಿ ಕಾಣುವ ನೀಲಿ ಕಡಲು ಪ್ರವಾಸಿಗೆ ಆನಂದ, ನಡುರಾತ್ರಿಯಲ್ಲಿ ಗರ್ಭಿಣಿಯನ್ನು ಕರೆದೊಯ್ಯುವ ದಾದಿಗೆ ಅದೇ ದೊಡ್ಡ ಪರೀಕ್ಷೆ. ಕುಡಿಯುವ ನೀರಿನ ವಿಚಾರವನ್ನೇ ನೋಡಿ: 2014ರ ಡಿಸೆಂಬರ್‌ನಲ್ಲಿ ಮಾಲೆಯ ನೀರು ಶುದ್ಧೀಕರಣ ಘಟಕದಲ್ಲಿ ಬೆಂಕಿ ಬಿದ್ದಾಗ, ಭಾರತ ವಿಮಾನ, ಹಡಗುಗಳಲ್ಲಿ ನೀರನ್ನು ಕಳುಹಿಸಬೇಕಾಯಿತು. ಸುತ್ತಲೂ ನೀರು, ಕುಡಿಯಲು ಮಾತ್ರ ಇಲ್ಲ. ಲಕ್ಷ್ಮಣತೀರ್ಥದ ಕಾಲುವೆಯ ಪಕ್ಕದಲ್ಲಿ ಬೆಳೆದ ನಮಗೆ ಇದನ್ನು ಊಹಿಸುವುದೂ ಕಷ್ಟ.

ಇನ್ನು ಮಧ್ಯವರ್ತಿಯ ಮಾತು. ಭಾರತೀಯರಿಗೆ ಮಾಲ್ಡೀವ್ಸ್‌ಗೆ ಇಳಿದ ಮೇಲೆ ವಿಮಾನ ನಿಲ್ದಾಣದಲ್ಲಿಯೇ ಪ್ರವಾಸಿ ವೀಸಾ ದೊರೆಯುತ್ತದೆ. "ಮೊದಲು ಪ್ರವಾಸಿಯಾಗಿ ಹೋಗಲಿ, ಅಲ್ಲಿ ಕೆಲಸದ ವೀಸಾ ಮಾಡಿಸುತ್ತೇವೆ" ಎಂದು ಅವನು ಹೇಳಿದ್ದು ಈ ಸೌಲಭ್ಯವನ್ನು ಆಧರಿಸಿಯೇ. ಆದರೆ ಪ್ರವಾಸಿ ವೀಸಾದಲ್ಲಿ ಹೋಗಿ ದುಡಿಯುವುದು ಅಲ್ಲಿಯ ಕಾನೂನಿಗೆ ವಿರುದ್ಧ. ಉದ್ಯೋಗ ಕೊಡುವವರೇ ಮೊದಲು ಅನುಮತಿ ಪಡೆದಿರಬೇಕು. ದಾದಿಗೆ ಅಲ್ಲಿಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಮಂಡಳಿಯ ನೋಂದಣಿಯೂ ಬೇಕು. ಇವೆರಡೂ ಇಲ್ಲದೆ ಹೋದ ಹುಡುಗಿ ಸಂಬಳ ಸಿಗದಿದ್ದರೆ ಯಾರ ಬಳಿಗೂ ದೂರು ಒಯ್ಯಲಾರಳು. ತಾನೇ ತಪ್ಪಿತಸ್ಥೆಯಾಗಿ ನಿಲ್ಲಬೇಕಾಗುತ್ತದೆ.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ? 1983ರ ವಲಸೆ ಕಾಯ್ದೆಯ ಪ್ರಕಾರ, ಹೊರದೇಶದ ಕೆಲಸಕ್ಕೆ ಜನರನ್ನು ಕಳುಹಿಸುವ ಏಜೆಂಟರು ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ಅವರ ಪಟ್ಟಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ಎಲ್ಲರಿಗೂ ನೋಡಲು ದೊರೆಯುತ್ತದೆ. ಅವರು ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಗಿಂತ ಹೆಚ್ಚು ಪಡೆಯುವಂತಿಲ್ಲ. ಅದಕ್ಕೆ ರಸೀದಿಯನ್ನೂ ಕೊಡಬೇಕು. ನಮ್ಮ ಹುಡುಗಿಯೇ ಆ ಪಟ್ಟಿಯನ್ನು ತೆಗೆದು ನೋಡಿದಳು. ಆ ಮಧ್ಯವರ್ತಿಯ ಹೆಸರು ಅದರಲ್ಲಿ ಇರಲಿಲ್ಲ. ಕೇಳಲು ಹೋದರೆ ಅವನ ಕೊಠಡಿಗೆ ಬೀಗ ಬಿದ್ದಿತ್ತು. 25,000 ರೂಪಾಯಿ ಮರಳಿ ಬರಲಿಲ್ಲ. ಎಷ್ಟು ದಿನ ಬ್ಯಾರನ್ನಿನ ಬೆಂಕಿಯ ಮುಂದೆ ನಿದ್ದೆಗೆಟ್ಟ ಹಣವದು ಎಂದು ಅವಳ ತಂದೆ ಲೆಕ್ಕ ಹೇಳಿದಾಗ ನಾನು ತಲೆತಗ್ಗಿಸಿದೆ.

ಹಣ ಹೋಯಿತು, ಆದರೆ ಮಗು ಉಳಿಯಿತು ಎಂದು ಸಮಾಧಾನ ಹೇಳಿದ ತಂಗಿ ಮತ್ತೊಂದು ಪ್ರಶ್ನೆ ಕೇಳಿದಳು. "ಸರಿಯಾದ ದಾರಿಯಲ್ಲಿಯೇ ಹೋದಳೆನ್ನು, ಅಣ್ಣಯ್ಯ. ಕೊರಳಿನ ಲಿಂಗದ ಗತಿ ಏನು?"

ಇದು ನಾನು ನಿರೀಕ್ಷಿಸದ ಪ್ರಶ್ನೆ. ಮಾಲ್ಡೀವ್ಸ್ ಇಸ್ಲಾಂ ಧರ್ಮವನ್ನು ರಾಷ್ಟ್ರಧರ್ಮವಾಗಿ ಇಟ್ಟುಕೊಂಡಿರುವ ದೇಶ. ಪೂಜೆಯ ವಿಗ್ರಹಗಳನ್ನು ಒಳಗೆ ತರುವುದನ್ನು ಅಲ್ಲಿಯ ಸುಂಕದ ನಿಯಮಗಳು ನಿಷೇಧಿಸುತ್ತವೆ; ಅನ್ಯಧರ್ಮದವರ ಬಹಿರಂಗ ಪೂಜೆಗೂ ಅವಕಾಶವಿಲ್ಲ. ಇದನ್ನು ನಾನು ದೂಷಿಸಲು ಹೇಳುತ್ತಿಲ್ಲ. ಒಬ್ಬರ ಮನೆಗೆ ಅತಿಥಿಯಾಗಿ ಹೋಗುವವರು ಆ ಮನೆಯ ನಿಯಮವನ್ನು ಮೊದಲೇ ತಿಳಿದುಕೊಳ್ಳಬೇಕು, ಒಪ್ಪಿದರೆ ಹೋಗಬೇಕು, ಒಪ್ಪದಿದ್ದರೆ ಹೊಸ್ತಿಲಲ್ಲಿಯೇ ಕೈಮುಗಿದು ಹಿಂದಿರುಗಬೇಕು. ಅಲ್ಲಿ ಸೇವೆ ಸಲ್ಲಿಸುತ್ತಿರುವ ನಮ್ಮ ನಾಡಿನ ಮಕ್ಕಳ ಬಗೆಗೂ ನನಗೆ ಗೌರವವಿದೆ.

ಹುಡುಗಿ ಈ ವಿಚಾರದಲ್ಲಿ ನನಗಿಂತ ಸ್ಪಷ್ಟವಾಗಿದ್ದಳು. ಆಸ್ಪತ್ರೆಯಲ್ಲಿ ಎಂ.ಆರ್.ಐ. ಕೋಣೆಗೆ ಹೋಗುವಾಗ ಲೋಹದ ವಸ್ತು ಕೂಡದೆಂಬ ನಿಯಮವಿರುವುದರಿಂದ, ಬೆಳ್ಳಿಯ ಕರಡಿಗೆಯನ್ನು ಮನೆಯಲ್ಲಿಟ್ಟು, ಲಿಂಗವನ್ನು ಬಿಳಿಯ ವಸ್ತ್ರದಲ್ಲಿ ಕಟ್ಟಿ ಸಮವಸ್ತ್ರದ ಒಳಗೆ ಧರಿಸುವ ರೂಢಿಯನ್ನು ಅವಳು ಆಗಲೇ ಮಾಡಿಕೊಂಡಿದ್ದಳು. ಕೆಲಸದ ನಿಯಮಕ್ಕೆ ಹೊಂದಿಕೊಳ್ಳಲಾರದ ಹುಡುಗಿಯಲ್ಲ ಅವಳು. ಆದರೂ ಹೇಳಿದಳು: "ತಾತ, ಲಿಂಗವನ್ನು ಬಚ್ಚಿಟ್ಟುಕೊಂಡು ಹೋಗಲಾರೆ, ಬಿಟ್ಟೂ ಹೋಗಲಾರೆ. ಕದ್ದು ಹೋದರೆ ಅವರ ಕಾನೂನಿಗೆ ಮೋಸ, ಬಿಟ್ಟು ಹೋದರೆ ನನಗೇ ಮೋಸ."

ನಾನು ಮಠಕ್ಕೆ ಹೋಗಿ ಗುರುಗಳಲ್ಲಿ ಈ ವಿಷಯವನ್ನು ನಿವೇದಿಸಿದೆ. ಅವರು ಕೆಲವು ಕ್ಷಣ ಸುಮ್ಮನಿದ್ದು, "ಹುಡುಗಿಯ ಮಾತು ಸರಿಯಾಗಿದೆ. ಲಿಂಗಪೂಜೆಯ ಹೆಸರಿನಲ್ಲಿ ಇನ್ನೊಂದು ನಾಡಿನ ನಿಯಮವನ್ನು ಮುರಿಯಬಾರದು. ಹಣಕ್ಕಾಗಿ ಲಿಂಗವನ್ನು ಅಗಲಲೂಬಾರದು. ಕಡಲಿನಲ್ಲಿ ದ್ವೀಪ ಒಂದೇ ಇದೆಯೇ? ಬೇರೆ ಹುಡುಕಿ" ಎಂದು ನಕ್ಕರು.

ಹುಡುಕಿದೆವು. ಎರಡು ವರ್ಷದ ಅನುಭವ ತುಂಬುವವರೆಗೆ ಮೈಸೂರಿನಲ್ಲಿಯೇ ದುಡಿದು, ಅವಳು ಆರಿಸಿಕೊಂಡದ್ದು ಬಹ್ರೇನ್. ಅದೂ ದ್ವೀಪರಾಷ್ಟ್ರವೇ. ಹೆಸರಿನ ಅರ್ಥ 'ಎರಡು ಕಡಲು'. ಮಾಲ್ಡೀವ್ಸ್‌ನಂತೆ ಅಲ್ಲಿಯೂ ಇಸ್ಲಾಂ ರಾಷ್ಟ್ರಧರ್ಮ. ಆದರೆ ಮುತ್ತಿನ ವ್ಯಾಪಾರದ ಕಾಲದಿಂದಲೂ ಭಾರತೀಯರು ಅಲ್ಲಿ ನೆಲೆಸಿದ್ದು, ರಾಜಧಾನಿ ಮನಾಮಾದಲ್ಲಿ ಇನ್ನೂರು ವರ್ಷಗಳಷ್ಟು ಹಳೆಯ ಶ್ರೀನಾಥಜಿ ದೇವಾಲಯವಿದೆ. ಕನ್ನಡಿಗರ ಸಂಘವೂ ದಶಕಗಳಿಂದ ಇದೆ. ಅಲ್ಲಿಯ ಅಮೆರಿಕನ್ ಮಿಷನ್ ಆಸ್ಪತ್ರೆ ಆರಂಭವಾದದ್ದು 1903ರಲ್ಲಿ. ಸೌದಿ ಅರೇಬಿಯಕ್ಕೆ ಸುಮಾರು 25 ಕಿಲೋಮೀಟರಿನ ಕಡಲಸೇತುವೆ 1986ರಿಂದ ಇದೆ.

ಈ ದಾರಿ ಸುಲಭದ್ದಾಗಿರಲಿಲ್ಲ. ವಲಸೆ ಅನುಮತಿ ಬೇಕಾಗುವ ಹದಿನೆಂಟು ದೇಶಗಳ ಪಟ್ಟಿಯಲ್ಲಿ ಬಹ್ರೇನ್ ಸೇರಿದೆ, ಮಾಲ್ಡೀವ್ಸ್ ಸೇರಿಲ್ಲ. ಈ ಹದಿನೆಂಟು ದೇಶಗಳಿಗೆ ಹೋಗುವ ದಾದಿಯರು, ಎಷ್ಟೇ ಓದಿದ್ದರೂ, ಆ ಅನುಮತಿ ಪಡೆಯಬೇಕೆಂದು ಕೇಂದ್ರ ಸರ್ಕಾರ 2015ರಲ್ಲಿ ನಿಯಮ ಮಾಡಿತು. ತೊಂದರೆಯೆಂದು ತೋರುವ ಈ ನಿಯಮವೇ ನಮ್ಮ ಮಕ್ಕಳಿಗೆ ಬೇಲಿ. ಸಂಬಳ, ಕೆಲಸದ ಅವಧಿ, ಮರಳುವ ಟಿಕೆಟ್ ಎಲ್ಲವೂ ಒಪ್ಪಂದದಲ್ಲಿ ಬರೆದಿರಬೇಕಾಗುತ್ತದೆ. ಬೇಲಿ ಇಲ್ಲದ ದೇಶಕ್ಕೆ ಹೋಗುವಾಗ ಈ ಎಚ್ಚರಿಕೆಯನ್ನೆಲ್ಲ ನಾವೇ ವಹಿಸಬೇಕು. ಬಹ್ರೇನಿನ ಆರೋಗ್ಯ ನಿಯಂತ್ರಣ ಪ್ರಾಧಿಕಾರದ ಪರವಾನಗಿಗೆ ಅವಳು ಗಣಕಯಂತ್ರದ ಮುಂದೆ ಕುಳಿತು ಪರೀಕ್ಷೆ ಬರೆದಳು. ಓದಿದ ಕಾಲೇಜಿಗೂ ದುಡಿದ ಆಸ್ಪತ್ರೆಗೂ ನೇರವಾಗಿ ಬರೆದು ದಾಖಲೆಗಳನ್ನು ಪರಿಶೀಲಿಸಿದರು. ಬೆಂಗಳೂರಿನ ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ, ಪೊಲೀಸ್ ದೃಢೀಕರಣ, ವೈದ್ಯಕೀಯ ತಪಾಸಣೆ ಒಂದೊಂದಾಗಿ ಮುಗಿದವು. ಪಾಸ್‌ಪೋರ್ಟ್‌ಗೆ ಬೆಂಗಳೂರಿಗೆ ಅಲೆಯಬೇಕಾಗಲಿಲ್ಲ. 2017ರಲ್ಲಿ ಮೈಸೂರಿನ ಅಂಚೆ ಕಚೇರಿಯಲ್ಲಿಯೇ ಆ ಸೇವೆ ಆರಂಭವಾಗಿದೆ.

ಇದಕ್ಕೆಲ್ಲ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ನಡುವೆ ನೆರೆಹೊರೆಯವರು, "ಅವರ ಮಗಳು ಆಗಲೇ ಹೋದಳು, ನಿಮ್ಮ ಮಗಳಿಗೇಕೆ ಇಷ್ಟು ತಡ?" ಎಂದು ಕೇಳಿದ್ದೂ ಉಂಟು. ಆಗ ನನಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಗುತ್ತಿತ್ತು. ಗಂಡ ಮಾರಯ್ಯ ಒಂದು ದಿನ ರೂಢಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದ ತಾಯಿ ಆಕೆ. ಬೇಗ ಬರುವ ಹೆಚ್ಚಿನ ಹಣದ ಮುಂದೆ ಹಾಗೆ ನಿಲ್ಲುವ ಧೈರ್ಯ ನಮ್ಮ ಮನೆಗಳಲ್ಲಿ ಇನ್ನಷ್ಟು ಬೇಕು.

ಓದುಗ ಬಂಧುಗಳಲ್ಲಿ ನನ್ನದೊಂದು ಅರಿಕೆ. ಮಗಳು ಹೊರನಾಡಿಗೆ ಹೋಗುತ್ತೇನೆಂದರೆ ಹೆದರಿ ತಡೆಯಬೇಡಿ, ಹಿಗ್ಗಿ ಹಣವನ್ನೂ ಸುರಿಯಬೇಡಿ. ಏಜೆಂಟರ ನೋಂದಣಿ ಸಂಖ್ಯೆಯನ್ನು ಕೇಳಿ, ಪಟ್ಟಿಯಲ್ಲಿ ನೋಡಿ. ರಸೀದಿ ಇಲ್ಲದೆ ಹಣ ಕೊಡಬೇಡಿ. ವೀಸಾದ ಮೇಲೆ ಉದ್ಯೋಗವೆಂದು ಬರೆದಿದೆಯೇ, ಪ್ರವಾಸವೆಂದು ಬರೆದಿದೆಯೇ ಓದಿ. ಒಪ್ಪಂದದ ಒಂದು ಪ್ರತಿ ಮನೆಯಲ್ಲಿರಲಿ. ಪಾಸ್‌ಪೋರ್ಟ್ ಅವಳ ಕೈಯಲ್ಲಿಯೇ ಇರಲಿ. ಹೋಗುವ ನಾಡಿನ ಭಾರತೀಯ ರಾಯಭಾರ ಕಚೇರಿಯ ದೂರವಾಣಿ ಸಂಖ್ಯೆಯನ್ನು ಅವಳೂ ನೀವೂ ಬರೆದಿಟ್ಟುಕೊಳ್ಳಿ. ಆ ನಾಡಿನ ಆಚಾರ, ನಿಯಮಗಳನ್ನು ಮೊದಲೇ ತಿಳಿದು, ಮನಸ್ಸಾಕ್ಷಿಗೆ ಒಪ್ಪಿದರೆ ಮಾತ್ರ ಹೆಜ್ಜೆಯಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ಹೋಗುವವಳ ಮಾತನ್ನು ಕೇಳಿ. 1978ರಲ್ಲಿ ನಮ್ಮ ಮನೆಯಲ್ಲಿ ಎಲ್ಲರೂ ನನ್ನನ್ನು ಕೇಳಿದರು. ತಂಗಿಯನ್ನು ಯಾರೂ ಕೇಳಲಿಲ್ಲ.

2025ರ ಫೆಬ್ರವರಿಯಲ್ಲಿ ಅವಳು ಹೊರಟಳು. ಹೊರಡುವ ಮುನ್ನ ಕಾಗದಪತ್ರಗಳನ್ನು ತುಂಬಲು ಜಗಲಿಯ ಮೇಲೆ ಕುಳಿತಿದ್ದೆವು. ತುರ್ತು ಸಂದರ್ಭದಲ್ಲಿ ಊರಿನಲ್ಲಿ ಯಾರಿಗೆ ತಿಳಿಸಬೇಕೆಂದು ಒಂದು ಕಡೆ ಬರೆಯಬೇಕಾಗಿತ್ತು. ಹುಡುಗಿ ತಂದೆಯ ಹೆಸರು ಬರೆಯಲು ಹೊರಟಾಗ, ಅಷ್ಟು ಹೊತ್ತೂ ಮೌನವಾಗಿದ್ದ ತಂಗಿ, "ನನ್ನ ಹೆಸರು ಬರೆ. ಒಂದು ಸಲವಾದರೂ ನರ್ಸಿನ ಕಾಗದದಲ್ಲಿ ನನ್ನ ಹೆಸರಿರಲಿ" ಎಂದಳು. ಅವಳು ನನ್ನ ಕಡೆ ನೋಡಲಿಲ್ಲ, ಆಕ್ಷೇಪಿಸುವ ದನಿಯೂ ಅದಾಗಿರಲಿಲ್ಲ. ನಾನು ಎದ್ದು ಅವಳ ಬಳಿಗೆ ಹೋಗಿ, "ಅಂದು ನಾನು ಹೇಳಿದ್ದು ತಪ್ಪು, ತಾಯಿ" ಎಂದೆ. "ಗೊತ್ತು ಅಣ್ಣಯ್ಯ. ನಿನಗೂ ಗೊತ್ತಾಗಲಿ ಎಂದು ಕಾಯುತ್ತಿದ್ದೆ" ಎಂದು ಹೇಳಿ ಒಳಗೆ ಹೋಗಿ ಬುತ್ತಿ ಕಟ್ಟತೊಡಗಿದಳು.

ಅಲ್ಲಿಗೂ ನಮಗೂ ಎರಡೂವರೆ ಗಂಟೆಯ ವ್ಯತ್ಯಾಸ. ರಾತ್ರಿಪಾಳಿ ಮುಗಿಸಿ, ಸ್ನಾನಮಾಡಿ, ಲಿಂಗಪೂಜೆ ಪೂರೈಸಿದ ಮೇಲೆ ಅವಳು ಫೋನ್ ಮಾಡುವಾಗ ತಂಗಿ ಹಟ್ಟಿಯ ಕೆಲಸ ಮುಗಿಸಿ ಕಾಯುತ್ತಿರುತ್ತಾಳೆ. ಯಾವ ರೋಗಿಗೆ ಏನಾಯಿತು, ಯಾವ ಔಷಧ ಕೊಟ್ಟರು, ಗಾಯವನ್ನು ಹೇಗೆ ಕಟ್ಟಿದರು ಎಂದು ಒಂದೊಂದನ್ನೂ ಕೇಳಿ ತಿಳಿದುಕೊಳ್ಳುತ್ತಾಳೆ. ಅರವತ್ತು ದಾಟಿದ ಮೇಲೆ ನನ್ನ ತಂಗಿಯ ನರ್ಸಿಂಗ್ ಪಾಠ ಹೀಗೆ ಆರಂಭವಾಗಿದೆ. ಕಡಲಾಚೆ ರೋಗಿಗಳ ಸೇವೆಯಲ್ಲಿರುವ ನಮ್ಮೆಲ್ಲರ ಹೆಣ್ಣುಮಕ್ಕಳ ಕಾಯಕ ನಿರ್ವಿಘ್ನವಾಗಿ ಸಾಗಲಿ, ಅವರು ಸುಖವಾಗಿ ಮನೆಗೆ ಮರಳಲಿ ಎಂದು ಹಾರೈಸುತ್ತೇನೆ. ಶರಣು.